ನಾಲ್ಕು ಮೂಲೆಗೂ ಅರಿಶಿನ

ಕೋಲಾರ
ಬುಧವಾರ, 14-3-1979
ಮಧ್ಯಾಹ್ನ ಒಂದೂವರೆ ಗಂಟೆ

ನನಗೆ ಬರೆಯಬೇಡ ಎಂದು ಬರೆದ ಶಾಮಲೆಗೆ,

ಗಂಗ ಮಾಡುವ ನಮಸ್ಕಾರ. ಬೇಡವಾದರೆ ನಮಸ್ಕಾರವನ್ನು ಅಲ್ಲೇ ಬಿಟ್ಟು ಮುಂದಿನದನ್ನು ಓದು.

ಓದುವ ಮೊದಲು ಲಕೋಟೆಯ ಅಂಟು ನೋಡು. ಮೆಸ್ಸಿನಿಂದ ಅನ್ನ ತಂದು, ಹಿಸುಕಿ, ನಾನೇ ಅಂಟಿಸುತ್ತೇನೆ. ಅಂಟಿದ ಜಾಗದ ಮೇಲೆ ನೀಲಿ ಶಾಯಿಯಲ್ಲಿ ಅಡ್ಡಲಾಗಿ ಮೂರು ಗೆರೆ ಎಳೆಯುತ್ತೇನೆ. ಗೆರೆಗಳು ಒಂದಕ್ಕೊಂದು ಕೂಡದಿದ್ದರೆ ದಾರಿಯಲ್ಲಿ ಯಾರೋ ಬಿಚ್ಚಿದ್ದಾರೆಂದು ತಿಳಿ. ಈ ಕಾಗದವನ್ನು ನಿನಗೆ ತಂದು ಕೊಡುತ್ತಿರುವವರು ನಿಮ್ಮಪ್ಪ. ಹೌದು ಕಣೇ, ಸಾಕ್ಷಾತ್ ಗಂಗುಲಪ್ಪನವರೇ. ಶ್ರೀನಿವಾಸಪುರಕ್ಕೆ ಹೋಗಿಬರುತ್ತೇನೆಂದು ಹೇಳಿ ಮನೆಯಿಂದ ಹೊರಟವರು ಇಲ್ಲಿಗೆ ಬಂದಿದ್ದಾರೆ. ಈಗ ಲೈಬ್ರರಿಯ ಹಿಂದೆ ಹೊಂಗೆ ಮರದ ಕೆಳಗೆ, ಮುಖದ ಮೇಲೆ ಟವಲು ಹಾಕಿಕೊಂಡು ಮಲಗಿದ್ದಾರೆ. ನಿದ್ದೆಯೋ ನಾಟಕವೋ ನನಗೆ ಗೊತ್ತಾಗುತ್ತಿಲ್ಲ. ನಾನು ಲೈಬ್ರರಿಯ ಕಿಟಕಿಯ ಪಕ್ಕ ಕೂತು ಒಂದು ಕಣ್ಣು ಅವರ ಮೇಲಿಟ್ಟೇ ಬರೆಯುತ್ತಿದ್ದೇನೆ. ಐದು ಗಂಟೆಯ ಬಸ್ಸಿಗೆ ಹೋಗುತ್ತಾರೆ, ಅಷ್ಟರಲ್ಲಿ ಮುಗಿಸಬೇಕು. 'ನಾನು ಓದಲ್ಲಮ್ಮಾ, ಓದೋಕೂ ಬರಲ್ಲ' ಎಂದಿದ್ದಾರೆ. ಅವರಿಗೆ ತೆಲುಗು ಅಕ್ಷರ ಮಾತ್ರ ಗೊತ್ತೆಂದು ನೀನೇ ಹೇಳಿದ್ದೆ. ಆದರೆ ನಿಮ್ಮೂರಿನ ವೆಂಕಟರಮಣಪ್ಪ ಮೇಷ್ಟರಿಗೆ ಕನ್ನಡ ಚೆನ್ನಾಗಿ ಬರುತ್ತದಲ್ಲ! ಅದಕ್ಕೇ ಅಂಟು ನೋಡು ಎಂದದ್ದು.

ಫೆಬ್ರವರಿಯಲ್ಲಿ ನೀನು ಬರೆದ ಕಾರ್ಡು ನನ್ನ ಟ್ರಂಕಿನಲ್ಲಿದೆ. ಎಲ್ಲರಿಗೂ ಗೊತ್ತಾದ ಮೇಲೆ ಇನ್ನು ಲಕೋಟೆ ಯಾತಕ್ಕೆ ಎಂದು ಕಾರ್ಡಿನಲ್ಲೇ ಬರೆದಿದ್ದೆ. 'ನಾನು ಹುಚ್ಚರ ಡಾಕ್ಟರ ಹತ್ತಿರ ಹೋಗುವುದು ಮನೆಗೆ ಗೊತ್ತಾಯಿತು, ಮಾತ್ರೆ ತಿಪ್ಪೆಗೆ ಹೋಯಿತು, ಕಾಲೇಜು ಬಿಡಿಸಿದರು, ಚಾಡಿ ಹೇಳಿದವರು ನಿಮ್ಮ ಬಳಗದವರೇ ಯಾರೋ, ಯಾರೆಂದು ಪತ್ತೆ ಮಾಡುವವರೆಗೆ ನನಗೆ ಬರೆಯಬೇಡ.' ಇಷ್ಟೇ. ಕ್ಷೇಮವೇ ಎಂದೂ ಕೇಳಿರಲಿಲ್ಲ.

ಪತ್ತೆ ಮಾಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಹೆಸರನ್ನು ಈಗಲೇ ಹೇಳಿದರೆ ನೀನು ಇಲ್ಲಿಗೇ ಕಾಗದ ಹರಿದು ಒಲೆಗೆ ಹಾಕುತ್ತೀಯ. ನಿನ್ನ ಕೋಪ ನನಗೆ ಗೊತ್ತಿಲ್ಲವೇ? ನಾನು ಹುಡುಕಿದ ದಾರಿಯಲ್ಲೇ ನೀನೂ ಸ್ವಲ್ಪ ನಡೆದು ಬಾ.

ಅನುಮಾನ ನಮ್ಮ ಬಳಗಕ್ಕೆ ಹೊಸದಲ್ಲ. ಬೆಂಗಳೂರಿನಿಂದ ಮನಸ್ಸಿನ ಕಾಯಿಲೆಯ ಡಾಕ್ಟರು ಪ್ರತಿ ಬುಧವಾರ ಕಾಲೇಜಿಗೆ ಬರುತ್ತಾರೆ, ಹನ್ನೊಂದರಿಂದ ಎರಡರವರೆಗೆ ಮ್ಯಾಪಿನ ರೂಮಿನಲ್ಲಿ ಕೂರುತ್ತಾರೆ, ಇದನ್ನು ಹುಡುಗ ಹುಡುಗಿಯರಿಗೆ ತಿಳಿಸಲು ಎಂಟು ಜನ ವಿದ್ಯಾರ್ಥಿಗಳು ಬೇಕು ಎಂದು ನೋಟೀಸು ಹಾಕಿದ್ದರು. ಮೊದಲು ಹೆಸರು ಕೊಟ್ಟವಳು ನಾನು. ನಾಲ್ಕು ಶನಿವಾರ ನಮ್ಮನ್ನು ಕೂರಿಸಿ ಕಲಿಸಿದರು. ನಿದ್ದೆ ಬಾರದಿರುವುದು, ಕಾರಣವಿಲ್ಲದ ಅಳು, ಯಾತರ ಮೇಲೂ ಆಸೆ ಇಲ್ಲದಿರುವುದು, ಇವೆಲ್ಲ ಜ್ವರದ ಹಾಗೆ ಕಾಯಿಲೆ, ವಾಸಿಯಾಗುತ್ತವೆ ಎಂದು ಕ್ಲಾಸು ಕ್ಲಾಸಿಗೆ, ಹಾಸ್ಟೆಲ್ಲು ಹಾಸ್ಟೆಲ್ಲಿಗೆ ಹೋಗಿ ಹೇಳಬೇಕು. ಬರುತ್ತೇನೆ ಎಂದವರ ಕೈಗೆ ಒಂದು ನಂಬರಿನ ಚೀಟಿ ಕೊಡಬೇಕು. ಇದೇ ನಮ್ಮ ಎಂಟು ಜನರ ಬಳಗದ ಕೆಲಸ.

ನಾವು ಬಾಯಿ ತೆಗೆದರೆ ಸಾಕು, ಹುಡುಗರ ಹಾಸ್ಟೆಲ್ಲಿನಲ್ಲಿ ಹಿಂದಿನ ಬೆಂಚಿನಿಂದ ಪ್ರಶ್ನೆ ಬರುತ್ತಿತ್ತು: 'ಒಂದು ಕೇಸು ಹಿಡ್ಕೊಟ್ರೆ ನಿಮ್ಗೇನು ಸಿಗುತ್ತೆ?' ಮೂರು ವರ್ಷದ ಹಿಂದೆ ಮಕ್ಕಳಾಗದ ಆಪರೇಷನ್ನಿಗೆ ಜನ ಹಿಡಿಯುತ್ತಿದ್ದವರೂ ಹೀಗೆಯೇ ನಗುನಗುತ್ತಾ ಬಂದು ಹೆಸರು ಬರೆದುಕೊಂಡು ಹೋಗುತ್ತಿದ್ದರಂತೆ. ನಮ್ಮ ಮೆಸ್ಸಿನ ಅಡುಗೆಯ ಮುನಿಯಲ್ಲಮ್ಮನಂತೂ ನನಗೆ ಸಾರು ಬಡಿಸುತ್ತಾ ಕಿವಿಯಲ್ಲಿ ಹೇಳಿದ್ದಳು: 'ನೋಡು ತಾಯಿ, ಹೆಸ್ರು ಬರ್ಕೊಂಡ್ ಹೋಗಿ ತಲೆಗೆ ಕರೆಂಟು ಕೊಡ್ತಾರಂತೆ, ನೀನ್ಯಾಕೆ ಆ ಪಾಪಕ್ಕೆ ಹೋಗ್ತೀಯ?' ಅದಕ್ಕೇ ಡಾಕ್ಟರು ಮೊದಲ ಶನಿವಾರವೇ ನಮಗೆ ಎರಡು ಮಾತು ಹೇಳಿದ್ದರು. ಒಂದು, ಎಲ್ಲಿಯೂ ಯಾರ ಹೆಸರನ್ನೂ ಬರೆಯಕೂಡದು, ನಂಬರು ಮಾತ್ರ. ಎರಡನೆಯದನ್ನು ಆಮೇಲೆ ಬರೆಯುತ್ತೇನೆ.

ನನ್ನ ಮೊದಲನೇ ಚೀಟಿ ನೀನು. ನೆನಪಿದೆಯಾ? ದಸರಾ ಕಳೆದು ಬಂದ ನೀನು ಜಡೆ ಬಾಚುವುದನ್ನು ಬಿಟ್ಟೆ, ಮೆಸ್ಸಿನ ಮುದ್ದೆಯನ್ನು ಹಾಗೇ ಪಕ್ಕದವಳ ತಟ್ಟೆಗೆ ಹಾಕುತ್ತಿದ್ದೆ. ಒಂದು ದಿನ ಬೆಳಗಿನ ಜಾವ ನಲ್ಲಿ ನೀರಿಗೆಂದು ಎದ್ದವಳು ಹಾಸ್ಟೆಲ್ಲಿನ ಹಿಂದಿನ ಬಾವಿಯ ಕಟ್ಟೆಯ ಮೇಲೆ ನಿನ್ನನ್ನು ನೋಡಿದೆ. ಕಾಲು ಒಳಗೆ ಬಿಟ್ಟುಕೊಂಡು ಕೂತಿದ್ದೆ. ಏನೇ ಇದು ಅಂದರೆ 'ನೀರು ನೋಡ್ತಾ ಇದೀನಿ' ಅಂದೆ. ಆ ಬುಧವಾರ ನಿನ್ನ ಕೈ ಹಿಡಿದು ಎಳೆದುಕೊಂಡು ಹೋದೆ. ಆರು ವಾರ ಮಾತ್ರೆ ನುಂಗಿದೆ, ಆರು ವಾರ ಒಳಗೆ ಕೂತು ಮಾತಾಡಿದೆ. ಏಳನೇ ವಾರ ಮುನಿಯಲ್ಲಮ್ಮನ ಸಾರಿಗೆ ಹೆಸರಿಟ್ಟು ನೀನು ನಕ್ಕಾಗ ನಾನು ಬಚ್ಚಲಿಗೆ ಹೋಗಿ ಅತ್ತೆ. ಅದನ್ನು ನಿನಗೆ ಹೇಳಿರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದವಳು ಬರಲೇ ಇಲ್ಲ. ಆಮೇಲೆ ಬಂದದ್ದು ನಿನ್ನ ಕಾರ್ಡು.

ನಾನು ಪತ್ತೇದಾರಿಕೆಗೆ ಇಳಿದೆ. ಮೊದಲು ನನ್ನ ಅನುಮಾನ ಹೋದದ್ದು ಮೇಟ್ರನ್ ಭಾರತಮ್ಮನವರ ಮೇಲೆ. ನಿನ್ನ ಮಾತ್ರೆಯ ಡಬ್ಬಿ ನೋಡಿ 'ಇದೇನೇ ಇದು, ಏನಾದ್ರೂ ಹೆಚ್ಚುಕಮ್ಮಿ ಮಾಡ್ಕೊಂಡಿದ್ಯಾ?' ಎಂದು ಕೇಳಿದ್ದವರು ಅವರೇ ತಾನೇ. ನೇರವಾಗಿ ಹೋಗಿ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೋ ಏನೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ತಾಳಿ ಹಿಡಿದು ಆಣೆ ಮಾಡಿದರು. 'ನನ್ ಮೇಲೆ ಅನುಮಾನ ಪಡೋಕೆ ನೀನ್ಯಾವಳೇ' ಎಂದು ಬೈದರು. ಒಂದು ವಾರ ನನ್ನ ತಟ್ಟೆಗೆ ಮಜ್ಜಿಗೆ ಬೀಳಲಿಲ್ಲ.

ಆಮೇಲೆ ನಮ್ಮ ಬಳಗದ ಕದಿರಪ್ಪ. ಮುಳಬಾಗಿಲಿನವನು, ತೆಲುಗು ನೀರು ಕುಡಿದ ಹಾಗೆ ಮಾತಾಡುತ್ತಾನೆ, ಅವನ ಅತ್ತೆಯ ಮನೆ ರಾಯಲ್ಪಾಡಿನಲ್ಲಿದೆ. ನಿಮ್ಮೂರಿಗೂ ರಾಯಲ್ಪಾಡಿಗೂ ಎಷ್ಟು ದೂರ? ಅವನು ನೀರು ಕುಡಿಯಲು ಹೋಗಿದ್ದಾಗ ಅವನ ನೋಟ್‌ಬುಕ್ ತೆಗೆದು ನೋಡಿದೆ. ಛೀ, ನಾಚಿಕೆಯಾಗುತ್ತದೆ ಬರೆಯಲು. ಅದರಲ್ಲಿ ಏನಿತ್ತೆಂದು ನಿನಗೆ ಹೇಳುವುದಿಲ್ಲ. ಚಾಡಿ ಅಂತೂ ಇರಲಿಲ್ಲ. ಅವನ ಸ್ವಂತ ನೋವಿತ್ತು, ಅದನ್ನು ನೋಡುವ ಹಕ್ಕು ನನಗಿರಲಿಲ್ಲ.

ಉಳಿದವನು ಆಂಜಿನಪ್ಪ. ಮ್ಯಾಪಿನ ರೂಮಿನ ಬೀಗ ತೆಗೆದು, ಕಸ ಗುಡಿಸಿ, ಬಂದವರಿಗೆ ನೀರು ಕೊಡುವ ಆಂಜಿನಪ್ಪನನ್ನು ನೀನು ಮರೆತಿರಲಿಕ್ಕಿಲ್ಲ. ನೀನು ಹೊರಗೆ ಕೂತು ನಡುಗುತ್ತಿದ್ದ ಮೊದಲ ದಿನ 'ಕೂತ್ಕೋ ತಾಯಿ, ಒಳಗೆ ಹುಲಿ ಇಲ್ಲ' ಎಂದವನು ಅವನೇ. ಬುಧವಾರ ಬುಧವಾರ ಯಾರು ಬಂದರು, ಯಾರು ಹೋದರು ಎಂದು ನೋಡುವವನು ಅವನೊಬ್ಬನೇ. ಸಾಲದ್ದಕ್ಕೆ ಯಲ್ದೂರಿನವನು, ನಿಮ್ಮ ಕಡೆಯೆಲ್ಲ ಅವನ ನೆಂಟರಿದ್ದಾರೆ. ಇನ್ನೇನು ಬೇಕು ನನಗೆ? ಫೆಬ್ರವರಿ ಕೊನೆಯ ಬುಧವಾರ, ಬಳಗದವರೆಲ್ಲ ಸೇರಿದ್ದಾಗ, ಅವನ ಮುಖದ ಮೇಲೇ ಅಂದುಬಿಟ್ಟೆ. ಉಂಡ ಮನೆಗೆ ಎರಡು ಬಗೆದೆ, ಒಂದು ಹುಡುಗಿಯ ಬಾಳು ಹಾಳು ಮಾಡಿದೆ ಎಂದೆ. ನನ್ನ ತಂದೆಯ ವಯಸ್ಸಿನವನು ಶಾಮಲಾ. ಕೈಯಲ್ಲಿದ್ದ ನೀರಿನ ಚೊಂಬು ಕೆಳಗಿಟ್ಟು 'ಆಗ್ಲಿ ಬಿಡವ್ವಾ, ನಿನ್ ಮನ್ಸಿಗೆ ಹಂಗ್ ಕಂಡ್ರೆ ಹಂಗೇ' ಎಂದು ಹೇಳಿ ಹೊರಗೆ ಹೋದ. ಅವತ್ತಿನಿಂದ ರೂಮಿನ ಬೀಗ ತೆಗೆದು ಕೊಟ್ಟು ಗೇಟಿನ ಹತ್ತಿರ ಹೋಗಿ ಕೂರುತ್ತಾನೆ, ಒಳಗೆ ಕಾಲಿಡುವುದಿಲ್ಲ. ಹುಡುಗರು ಚಾಡಿ ಆಂಜಿನಪ್ಪ ಎಂದು ಕೂಗುತ್ತಾರೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ.

ಇವತ್ತು ಬೆಳಗ್ಗೆ ಹತ್ತು ಗಂಟೆಗೆ ನಿಮ್ಮಪ್ಪ ಬಂದರು.

ಗೇಟಿನಿಂದ ಆಂಜಿನಪ್ಪನೇ ಕರೆದುಕೊಂಡು ಬಂದ. ಬಿಳೀ ಪಂಚೆ, ಹೆಗಲ ಮೇಲೆ ಟವಲು, ಕಣ್ಣು ಕೆಂಡದ ಹಾಗಿದ್ದವು. 'ಏಮ್ಮಾ, ಗಂಗ ಅಂಟೇ ನುವ್ವೇನಾ?' ಎಂದು ತೆಲುಗಿನಲ್ಲೇ ಕೇಳಿದರು; ನಿನ್ನ ಬಾಯಲ್ಲಿ ನನ್ನ ಹೆಸರು ಕೇಳಿದ್ದರಂತೆ. ಹೌದು, ಗಂಗ ಅಂದರೆ ನಾನೇ ಎಂದೆ. ಒಳಜೇಬಿನಿಂದ ಒಂದು ಲಕೋಟೆ ತೆಗೆದರು. ಮಡಿಚಿ ಮಡಿಚಿ ಸವೆದುಹೋಗಿತ್ತು. ನಾಲ್ಕು ಮೂಲೆಗೂ ಅರಿಶಿನ. 'ಇದು ಬರ್ದೋರು ಯಾರು? ಅರಿಶಿನ ಹಚ್ಚಿದ್ದು ಯಾರು?' ಎಂದರು.

ನನಗೆ ಗೊತ್ತಿಲ್ಲ ಎಂದೆ.

ಆಂಜಿನಪ್ಪ ಅಷ್ಟರಲ್ಲಿ ಅವರಿಗೆ ಟೀ ತಂದಿದ್ದ. ಲಕೋಟೆ ನೋಡಿದ. ನನ್ನ ಮುಖ ನೋಡಿದ. ಲೋಟ ಅವರ ಕೈಗೆ ಕೊಟ್ಟು ಗೇಟಿನ ಕಡೆ ಹೊರಟ. ಶಾಮಲಾ, ಆ ಲಕೋಟೆಯನ್ನು ಜನವರಿ ಕೊನೆಯಲ್ಲಿ ಟಪಾಲು ಡಬ್ಬಕ್ಕೆ ಹಾಕಿದವನು ಆಂಜಿನಪ್ಪ. ಹಾಕಿ ಬಾ ಅಣ್ಣಾ ಎಂದು ಅವನ ಕೈಗೆ ಕೊಟ್ಟವಳು ನಾನು. ನಿನ್ನ ಹೆಸರು, ನಿಮ್ಮೂರಿನ ಹೆಸರು ಎಲ್ಲ ಅದರ ಮೇಲಿತ್ತು, ಅವನಿಗೆ ಓದಲು ಬರುತ್ತದೆ. ಎಂಟು ಜನರ ಮುಂದೆ ನಾನು ಅವನ ಮಾನ ತೆಗೆದಾಗ ಅವನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಈಗ ಹೇಳುತ್ತೇನೆ ಕೇಳು. ನೀನು ಪತ್ತೆ ಮಾಡು ಎಂದ ಹೆಸರು ನನ್ನದೇ.

ಡಾಕ್ಟರು ಹೇಳಿದ ಎರಡನೆಯ ಮಾತನ್ನು ಮೇಲೆ ಬೇಕೆಂದೇ ಬಿಟ್ಟಿದ್ದೆ. ಯಾರ ಮನೆಗೂ ಕಾಗದ ಬರೆಯಬೇಡಿ, ಬೇಕಾದರೆ ಹೋಗಿ ಕಣ್ಣಾರೆ ನೋಡಿ ಬನ್ನಿ ಎಂದಿದ್ದರು. ನಾನು ಬರೆದೆ. ಸಂಕ್ರಾಂತಿಯಾದ ಮೇಲೆ ಎರಡು ಬುಧವಾರ ನಿನ್ನ ಕುರ್ಚಿ ಖಾಲಿ ಇದ್ದಾಗ ನನಗೆ ಆದದ್ದು ಬರೀ ಹೆದರಿಕೆಯಲ್ಲ, ಅವಮಾನವೂ ಆಯಿತು. ಗಂಗ ತಂದ ಹುಡುಗಿ ನಡುವೆಯೇ ಬಿಟ್ಟುಹೋದಳು ಎನ್ನುತ್ತಾರಲ್ಲ ಎಂದು. ಎರಡು ಬುಧವಾರ ತಪ್ಪಿಸಿದ್ದೀಯ, ಡಾಕ್ಟರು ಕೇಳುತ್ತಿದ್ದಾರೆ, ಮಾತ್ರೆ ನಿಲ್ಲಿಸಬೇಡ, ಬಾವಿಯ ಕಡೆ ಹೋಗುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದೀಯ ಎಂದು ಒಂದು ಪುಟ ಬರೆದೆ. ಕೆಳಗೆ ನಿನ್ನ ಗೆಳತಿ ಎಂದಷ್ಟೇ ಹಾಕಿದೆ. ಹೆಸರು ಬರೆಯಬಾರದೆಂಬ ಮಾತನ್ನು ಅಲ್ಲಿ ಮಾತ್ರ ಪಾಲಿಸಿದೆ ನೋಡು, ಎಂಥ ಬುದ್ಧಿವಂತೆ!

ಅರಿಶಿನ ಏಕೆಂದರೆ, ಓದುವ ಹುಡುಗಿಗೆ ಕೋಲಾರದಿಂದ ಬರೀ ಲಕೋಟೆ ಬಂದರೆ ನಿಮ್ಮ ಕಡೆ ಏನೆಂದುಕೊಳ್ಳುತ್ತಾರೆ ಎಂದು ನನಗೂ ಗೊತ್ತು. ಯಾವನೋ ಹುಡುಗ ಬರೆದಿದ್ದಾನೆ ಎಂದು ಬಿಚ್ಚಿಯೇ ಬಿಚ್ಚುತ್ತಾರೆ. ಮೂಲೆಗೆ ಅರಿಶಿನವಿದ್ದರೆ ಯಾರೋ ಜೊತೆಯವಳ ಮದುವೆ ಕಾಗದ ಇರಬೇಕೆಂದು ಬಿಚ್ಚದೆ ನಿನ್ನ ಕೈಗೇ ಕೊಡುತ್ತಾರೆ. ಹೀಗೆ ಲೆಕ್ಕ ಹಾಕಿ, ಮುನಿಯಲ್ಲಮ್ಮನ ಡಬ್ಬಿಯಿಂದ ಒಂದು ಚಿಟಿಕೆ ಕದ್ದು, ನೀರಿನಲ್ಲಿ ಕಲಸಿ ಹಚ್ಚಿದೆ. ನಿನ್ನ ಕಾರ್ಡು ಬಂದಾಗ ನನ್ನ ಕಾಗದ ನಿನಗೆ ತಲುಪಿಲ್ಲ, ದಾರಿಯಲ್ಲೆಲ್ಲೋ ಕಳೆದುಹೋಗಿದೆ ಎಂದುಕೊಂಡೆ. ಕಳೆದದ್ದೇ ಒಳ್ಳೆಯದಾಯಿತು, ಬರೆದದ್ದು ಬಳಗಕ್ಕೆ ಗೊತ್ತಾಗದು ಎಂದು ಸಮಾಧಾನ ಬೇರೆ. ಊರಿನವರ ಮೇಲೆಲ್ಲಾ ಅನುಮಾನ ಬಂತು, ನನ್ನ ಮೇಲೆ ನನಗೆ ಬರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ನನ್ನ ಕೈಯ ಹಳದಿ ಒಂದು ಬಿಟ್ಟು ಉಳಿದದ್ದೆಲ್ಲ ಕಂಡಿತು.

ನಿಮ್ಮಪ್ಪನ ಮುಂದೆ ನಿಂತು 'ನಾನೇ' ಎಂದೆ. ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡಿದ್ದೆ. ಬೀಳಲಿಲ್ಲ.

'ಅರಿಶಿನ ಯಾಕಮ್ಮಾ ಹಚ್ಚಿದೆ?' ಎಂದು ಕೇಳಿದರು. ಯಾರೂ ಬಿಚ್ಚದಿರಲಿ ಅಂತ ಎಂದೆ. ಅವರು 'ನಾವು ದೀಪ ಹಚ್ಚಿ ಬಿಚ್ಚಿದ್ವಲ್ಲಮ್ಮಾ' ಎಂದರು.

ನಡೆದದ್ದು ಇದು. ನಿನಗೆ ಇವತ್ತಿನವರೆಗೂ ಯಾರೂ ಹೇಳಿಲ್ಲವಂತೆ. ನಿಮ್ಮಕ್ಕ ಅಶ್ವತ್ಥಮ್ಮನನ್ನು ನೋಡಿಕೊಂಡು ಹೋದವರು ಒಪ್ಪಿಗೆಯಾದರೆ ಅರಿಶಿನದ ಕಾಗದ ಬರೆಯುತ್ತೇವೆ ಎಂದಿದ್ದರಂತೆ. ಮನೆಯವರೆಲ್ಲ ಅದಕ್ಕೇ ದಾರಿ ಕಾಯುತ್ತಿದ್ದರು. ಅಂಚೆಯ ಮುನಿಯಲ್ಲಪ್ಪ ಬೀದಿಯ ತುದಿಯಿಂದಲೇ 'ಅರಿಶಿನದ ಕಾಗ್ದ ಬಂದೈತೆ, ಬೆಲ್ಲ ತನ್ನಿ' ಎಂದು ಕೂಗಿಕೊಂಡು ಬಂದ. ಮೇಲಿನ ಹೆಸರು ಯಾರದೆಂದು ಯಾರೂ ನೋಡಲಿಲ್ಲ. ನಿಮ್ಮಮ್ಮ ಕಾಗದವನ್ನು ದೇವರ ಮುಂದಿಟ್ಟು ದೀಪ ಹಚ್ಚಿದರು. ಹಿರಿಯರನ್ನು ಕರೆದರು, ಚಾಪೆ ಹಾಸಿದರು, ವೆಂಕಟರಮಣಪ್ಪ ಮೇಷ್ಟರಿಗೆ ತಾಂಬೂಲ ಕೊಟ್ಟು ಓದಿ ಎಂದರು. ಮೇಷ್ಟರು ಗಟ್ಟಿಯಾಗಿ ಓದಿದರು. ಹುಚ್ಚರ ಡಾಕ್ಟರು, ಮಾತ್ರೆ, ಬಾವಿ. ಮುಗಿಯುವವರೆಗೂ ನಿಲ್ಲಿಸಲು ಯಾರಿಗೂ ತೋಚಲಿಲ್ಲ. ನೀನು ಆಗ ಹಿಪ್ಪುನೇರಳೆ ಸೊಪ್ಪು ತರಲು ಹೋಗಿದ್ದೆ. ನೀನು ಹೊರೆ ಇಳಿಸುವ ಹೊತ್ತಿಗೆ ಚಾಪೆ ಸುತ್ತಿಟ್ಟಿದ್ದರು. ಆ ಕಾಗದಕ್ಕೆ ಪೂಜೆ ಮಾಡಿದ ಅವಮಾನಕ್ಕೆ, ಅದರ ಮಾತೆತ್ತಬಾರದೆಂದು ನಿಮ್ಮಪ್ಪ ಮನೆಯವರೆಲ್ಲರಿಂದ ಆಣೆ ಹಾಕಿಸಿಕೊಂಡರಂತೆ. ಅಕ್ಕನ ಸಂಬಂಧ ಏನಾಯಿತೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅಕ್ಕ ನನಗೆ ಶಾಪ ಹಾಕಿದರೆ ಹಾಕಲಿ.

ಇಷ್ಟು ದಿನ ಬಿಟ್ಟು ಈಗ ಏಕೆ ಬಂದಿರಿ ಎಂದು ಕೇಳಿದೆ. ಟೀ ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು. ಮೊನ್ನೆ ಭಾನುವಾರ ಬೆಳಗಿನ ಜಾವ ಎದ್ದಾಗ ನೀನು ಹಾಸಿಗೆಯಲ್ಲಿರಲಿಲ್ಲವಂತೆ. ತೋಪಿನ ಬಾವಿಯ ಕಟ್ಟೆಯ ಮೇಲೆ ಕೂತಿದ್ದೆಯಂತೆ. ಅವರು ಕೂಗಲಿಲ್ಲ, ಎಳೆಯಲಿಲ್ಲ. ಹತ್ತಿರ ಬಂದು ಪಕ್ಕದಲ್ಲಿ ಕೂತರು. ಬೆಳಕು ಹರಿಯುವವರೆಗೂ ಇಬ್ಬರೂ ಹಾಗೇ ಕೂತಿದ್ದಿರಂತೆ. ಆಮೇಲೆ ನೀನೇ ಎದ್ದು ಮನೆಗೆ ನಡೆದೆ. 'ಆ ಕಾಗ್ದದಲ್ಲಿ ಬಾವಿ ಅಂತ ಬರ್ದಿತ್ತು. ಮೇಷ್ಟ್ರು ಓದಿದ್ದು ನಂಗೆ ಗ್ಯಾಪ್ಕ ಇತ್ತು. ಅವತ್ತು ನಂಬಲಿಲ್ಲ' ಎಂದರು. ನಿಮ್ಮಪ್ಪ ಅಳುವುದನ್ನು ನೀನು ನೋಡಿಲ್ಲ ಎಂದುಕೊಳ್ಳುತ್ತೇನೆ. ನಾನು ನೋಡಿದೆ.

ಆದರೂ ಅವರ ಅನುಮಾನ ಹೋಗಿರಲಿಲ್ಲ. ನಾನು ಡಾಕ್ಟರನ್ನು ನೋಡೋಣ ಬನ್ನಿ ಎಂದರೆ ಅಲ್ಲಾಡಲಿಲ್ಲ. 'ಪೇರು ರಾಸುಕುಂಟಾರಾ?' ಎಂದರು. ಹೆಸರು ಬರೆದುಕೊಳ್ಳುತ್ತೀರಾ ಎಂದು. ಇಲ್ಲ ಎಂದೆ. 'ಎಲ್ಲಾರೂ ಹಂಗೇ ಅಂತಾರೆ. ಪುಸ್ತಕ ತೋರ್ಸು' ಎಂದರು. ಒಳಗಿನಿಂದ ಬುಧವಾರದ ಪುಸ್ತಕ ತಂದು ಅವರ ಮುಂದಿಟ್ಟೆ. ಒಂದೊಂದೇ ಹಾಳೆ ತಿರುವಿದರು. ಕನ್ನಡ ಅಕ್ಷರ ಬರದಿದ್ದರೂ ಅಂಕಿ ಬರುತ್ತದಲ್ಲ, ಬೆರಳಿಟ್ಟು ಬೆರಳಿಟ್ಟು ನೋಡಿದರು. ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ. 'ಇದ್ರಾಗೆ ನನ್ ಮಗಳು ಯಾವ್ದು?' ಎಂದರು. ಹೇಳುವುದಿಲ್ಲ ಎಂದೆ. 'ನಾನು ಅವಳ ಅಪ್ಪ ಕಣಮ್ಮಾ' ಎಂದರು. ಅಪ್ಪನಾದರೂ ಹೇಳಬಾರದು ಎಂದೆ. ವಿಚಿತ್ರ ನೋಡು, ಅದುವರೆಗೆ ಗಂಟು ಹಾಕಿಕೊಂಡಿದ್ದ ಅವರ ಹುಬ್ಬು ಆಗ ಸಡಿಲವಾಯಿತು.

ಪುಸ್ತಕ ಮುಚ್ಚಿ ಹೇಳಿದರು: 'ಹೆಸ್ರು ಬರ್ಕೊಳ್ಳೋರು ನಮ್ಮೂರ್ಗೂ ಬಂದಿದ್ರಮ್ಮಾ, ಎಮರ್ಜೆನ್ಸಿ ಟೈಮಲ್ಲಿ. ಎಲ್ಲಾ ಗಂಡಸ್ರೂ ಮಾವಿನ ತೋಪಲ್ಲಿ ಬಚ್ಚಿಟ್ಕೊಂಡ್ರು. ನಾನು ಬಚ್ಚಿಟ್ಕೊಳ್ಳಿಲ್ಲ. ಹೆಸ್ರು ತಾನೇ, ಬರ್ಕೊಳ್ಳಿ ಅಂದೆ. ಮೂರ್ನೇ ದಿವ್ಸ ಜೀಪು ಬಂತು.' ಅಲ್ಲಿಗೆ ನಿಲ್ಲಿಸಿದರು. ಮುಂದೆ ಇನ್ನೆರಡು ಮಾತು ಹೇಳಿದರು. ಅವು ಅವರವು, ಅವರೇ ಹೇಳಿದರೆ ಕೇಳು. ನಾನು ಮಾತ್ರ ಒಂದು ಬರೆಯುತ್ತೇನೆ. ನಿಮ್ಮಪ್ಪ ಮಾತ್ರೆಯನ್ನು ತಿಪ್ಪೆಗೆ ಎಸೆದದ್ದು ಮೂಢತನದಿಂದ ಎಂದು ನೀನೂ ತಿಳಿದೆ, ನಾನೂ ತಿಳಿದೆ. ಪಟ್ಟಿಯಲ್ಲಿ ತನ್ನ ಹೆಸರು ಬರೆಸಿ ಕೆಟ್ಟವರು, ಮಗಳ ಹೆಸರು ಇನ್ನೊಂದು ಪಟ್ಟಿಯಲ್ಲಿದೆ ಎಂದು ಕೇಳಿದರೆ ಬೇರೆ ಏನು ಮಾಡುತ್ತಾರೆ ಹೇಳು?

ಆಮೇಲೆ ತಾವಾಗಿಯೇ ಎದ್ದು ಒಳಗೆ ಹೋದರು. ಡಾಕ್ಟರಿಗೆ ತೆಲುಗು ಬರುತ್ತದೆ. ಬಾಗಿಲು ಹಾಕಿಕೊಂಡಿತು. ನಿನ್ನ ವಿಷಯ ಕೇಳಿಕೊಂಡು ಹತ್ತು ನಿಮಿಷದಲ್ಲಿ ಬರುತ್ತಾರೆಂದು ನಾನು ಮೆಟ್ಟಿಲ ಮೇಲೆ ಕೂತೆ. ಹೊರಗೆ ಬಂದದ್ದು ಗಂಟೆಯ ಮೇಲೆ.

ಅವರು ಒಳಗಿದ್ದಾಗ ಗೇಟಿಗೆ ಹೋಗಿ ಆಂಜಿನಪ್ಪನ ಕಾಲು ಮುಟ್ಟಿದೆ. 'ಏ, ಏಳವ್ವ, ಯಾರಾದ್ರೂ ನೋಡಾರು' ಎಂದು ಗಾಬರಿಯಾದ. ಅವತ್ತು ಯಾಕೆ ಹೇಳಲಿಲ್ಲ ಅಣ್ಣಾ ಎಂದು ಕೇಳಿದೆ. 'ನಾಕು ಶನಿವಾರ ಬಾಗ್ಲಾಗೆ ನಿಂತು ನಾನೂ ಕೇಳಿಸ್ಕೊಂಡಿದ್ನಲ್ಲಾ. ಒಬ್ರ ವಿಷ್ಯ ಇನ್ನೊಬ್ರಿಗೆ ಹೇಳ್ಬಾರ್ದು ಅಂತ ಡಾಕ್ಟ್ರು ಹೇಳಿದ್ದು ನಿಂಗೊಬ್ಬಳ್ಗೇನಾ?' ಎಂದ. ಚೀಟಿ ಹಂಚಿದವರು ಎಂಟು ಜನ, ಪಾಠ ಕಲಿತವನು ಬಾಗಿಲಲ್ಲಿ ನಿಂತಿದ್ದವನು. ನಾಳೆ ಬಳಗದ ಮುಂದೆ, ಡಾಕ್ಟರಿಗೂ ಕಾಗದ ಬರೆದು, ನಡೆದದ್ದನ್ನೆಲ್ಲ ಒಪ್ಪಿಕೊಳ್ಳುತ್ತೇನೆ. ತೆಗೆದು ಹಾಕಿದರೆ ಹಾಕಲಿ. ಅವನ ಹೆಸರಿಗೆ ನಾನು ಮೆತ್ತಿದ ಮಸಿಯನ್ನು ನಾನೇ ತೊಳೆಯಬೇಕು.

ಈಗ ನಾಲ್ಕು ಗಂಟೆ. ನಿಮ್ಮಪ್ಪ ಇನ್ನೂ ಎದ್ದಿಲ್ಲ. ಮೊದಲು ನಾಟಕ ಎಂದುಕೊಂಡೆನಲ್ಲ, ಇಲ್ಲ ಕಣೇ. ಟವಲು ಜಾರಿ ಬಿದ್ದಿದೆ, ಬಾಯಿ ತೆರೆದಿದೆ, ಮುಖದ ಮೇಲೆ ನೊಣ ಕೂತರೂ ಗೊತ್ತಿಲ್ಲ. ಆಂಜಿನಪ್ಪ ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಾನೆ.

ಶಾಮಲಾ, ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅದು ಆಮೇಲಿನ ಮಾತು. ನೀನು ಮುಂದಿನ ಬುಧವಾರ ಬಾ. ನನ್ನ ಮುಖ ನೋಡಬೇಡ, ನನ್ನ ಪಕ್ಕ ಕೂರಬೇಡ, ಕದಿರಪ್ಪನಿಗೋ ಆಂಜಿನಪ್ಪನಿಗೋ ಚೀಟಿ ಕೊಟ್ಟು ಒಳಗೆ ಹೋಗು. ಪರೀಕ್ಷೆಗೆ ಇನ್ನೂ ತಿಂಗಳಿದೆ, ನೋಟ್ಸು ಬರೆದಿಟ್ಟಿದ್ದೇನೆ. ಆದರೆ ಪರೀಕ್ಷೆಯೂ ಆಮೇಲಿನ ಮಾತೇ. ನೀನು ಇರಬೇಕು, ಅಷ್ಟೇ. ಬಾವಿಯ ಕಟ್ಟೆಯ ಮೇಲೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದಿದ್ದೀಯ. ಮೂರನೇ ಸಲ ಪಕ್ಕದಲ್ಲಿ ಯಾರೂ ಇಲ್ಲದೆ ಹೋದರೆ ಎಂದು ನೆನೆದರೆ ನನ್ನ ಕೈ ಬರೆಯುವುದಿಲ್ಲ. ಬುಧವಾರದವರೆಗೆ ನಿಮ್ಮಪ್ಪನ ಕಣ್ಣಳತೆಯಲ್ಲಿ ಇರು. ಮನಸ್ಸು ಆ ಕಡೆ ಎಳೆದರೆ ಎಷ್ಟು ಹೊತ್ತಾದರೂ ಅವರನ್ನು ಎಬ್ಬಿಸು. ಬೈಯುವುದಿಲ್ಲ, ನಾನು ಕೇಳಿಯೇ ಬರೆಯುತ್ತಿದ್ದೇನೆ.

ಮಾತ್ರೆಯ ಪೊಟ್ಟಣ ನಿಮ್ಮಪ್ಪನ ಜೇಬಿನಲ್ಲಿದೆ, ಡಾಕ್ಟರೇ ಕೊಟ್ಟದ್ದು. ಹೇಗೆ ತೆಗೆದುಕೊಳ್ಳಬೇಕೆಂದು ಅವರಿಂದ ಎರಡು ಸಲ ಹೇಳಿಸಿ ಒಪ್ಪಿಸಿಕೊಂಡಿದ್ದಾರೆ. ಕಾಗದ ಓದಿ ಒಲೆಗೆ ಹಾಕು.

ಇಂತಿ,
ಈ ಸಲ ಹೆಸರು ಹಾಕಿಯೇ ಬರೆಯುವ,
ಮುನಿಗಂಗಮ್ಮ
ಎರಡನೇ ವರ್ಷದ ಬಿ.ಎ.

ವಿ.ಸೂ.: ಅಂಟಿಸುವ ಮೊದಲು, ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಲಕೋಟೆಗೆ ಅರಿಶಿನ ಹಚ್ಚಿಲ್ಲ, ಹೆದರಬೇಡ. ಒಳಗೆ ನಿನ್ನ ಹಳೆಯ ನಂಬರಿನ ಚೀಟಿ ಇಟ್ಟಿದ್ದೇನೆ. ಮುಂದಿನ ಬುಧವಾರಕ್ಕೆ ನಿಮ್ಮ ಮನೆಗೆ ಎರಡು ಚೀಟಿ ಬರುತ್ತಿವೆ. ಒಂದು ನಿನ್ನದು. ಇನ್ನೊಂದಕ್ಕೆ ಇವತ್ತೇ ಹೊಸ ನಂಬರು ಬರೆದೆ. ಅದು ಯಾರದೆಂದು ಕೇಳಬೇಡ, ನೋಡಿದರೂ ನೋಡದ ಹಾಗಿರು, ನಾನಂತೂ ಹೇಳುವವಳಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಅವರಿಗೆ ಬಿಡು. ದಾರಿಯಲ್ಲಿ ನಿದ್ದೆ ಹತ್ತಿದರೆ ಎಬ್ಬಿಸಬೇಡ. ಮೂರು ವರ್ಷದ ಬಾಕಿ ಅದು.